ಕೂತರೆ ಏಳಲಾಗದ ಸೋಫಾ

ಊರಿನಿಂದ ಅಪ್ಪ–ಅಮ್ಮ ಬರುತ್ತಾರೆ ಎಂದು ಟಿಕೆಟ್ ಖಾತ್ರಿಯಾದ ಕೂಡಲೇ ನ್ಯೂಜಿಲೆಂಡಿನಲ್ಲಿರುವ ನಾವು ಮಾಡುವ ಮೊದಲ ಕೆಲಸ ಯಾವುದು? ಹೀಟರ್, ದಪ್ಪ ಕಂಬಳಿ, ರಾಗಿ ಹಿಟ್ಟು ಎಲ್ಲ ಆಮೇಲೆ. ಮೊದಲು ಹಾಲಿಗೆ ಒಂದು ಹೊಸ ಸೋಫಾ. ವಿಡಿಯೊ ಕಾಲ್‌ನಲ್ಲಿ ಅವರು ನಮ್ಮ ಮನೆಯ ಮೂಲೆ ಮೂಲೆಯನ್ನೂ ನೋಡಿರುತ್ತಾರೆ. ಆದರೂ ಬಂದು ಕೂರುವಾಗ ‘ಮಕ್ಕಳು ಚೆನ್ನಾಗಿದ್ದಾರೆ’ ಎಂದು ಅವರಿಗೆ ಅನ್ನಿಸಬೇಕಲ್ಲ! ಹಾಗೆಂದು ಅಂಗಡಿಗೆ ಹೋಗುತ್ತೇವೆ. ಎರಡು ವರ್ಷ ಬಡ್ಡಿಯಿಲ್ಲ ಎಂಬ ಫಲಕ ಕಾಣುತ್ತದೆ. ಬೂದು ಬಣ್ಣದ, ಎಲ್ ಆಕಾರದ, ಹಾಲಿನ ಅರ್ಧ ಭಾಗವನ್ನು ನುಂಗುವ ಸೋಫಾ ಮನೆಗೆ ಬರುತ್ತದೆ.

ನಮ್ಮ ಮನೆಗೂ ಹಾಗೆಯೇ ಬಂತು. ವಿಮಾನ ನಿಲ್ದಾಣದಿಂದ ಬಂದ ಅಮ್ಮ ಅದರ ಮೇಲೆ ಕೂತರು. ಕೂತರು ಎನ್ನುವುದಕ್ಕಿಂತ ಒಳಗೆ ಇಳಿದರು ಎನ್ನಬೇಕು. ಐದು ನಿಮಿಷದ ಮೇಲೆ ಏಳಲು ಹೋದರೆ ಆಗಲಿಲ್ಲ. ಮಂಡಿ ನೋವಿನವರು, ಕೈ ಊರಲು ಪಕ್ಕದಲ್ಲಿ ಗಟ್ಟಿಯಾದದ್ದು ಏನೂ ಇಲ್ಲ. ಇಬ್ಬರು ಎರಡು ಕೈ ಹಿಡಿದು ಎಬ್ಬಿಸಿದೆವು. ಎಲ್ಲರೂ ನಕ್ಕೆವು, ಅವರೂ ನಕ್ಕರು. ಆದರೆ ಮಾರನೆಯ ದಿನದಿಂದ ಅಮ್ಮ ಊಟದ ಮೇಜಿನ ಕುರ್ಚಿಯೊಂದನ್ನು ಎಳೆದುಕೊಂಡು ಕಿಟಕಿಯ ಪಕ್ಕ ಕೂರತೊಡಗಿದರು. ಆರು ತಿಂಗಳ ವಾಸದಲ್ಲಿ ಆ ಸೋಫಾದ ಮೇಲೆ ಅವರು ಎಷ್ಟು ಸಲ ಕೂತರೋ ಲೆಕ್ಕ ಹಾಕಬಹುದು. ಅಪ್ಪ ಅದರ ಮೇಲೆ ಮಲಗಿ ಪೇಪರ್ ಓದುತ್ತಿದ್ದರು, ಅಷ್ಟೇ ಅದರ ಉಪಯೋಗ.

ಇದನ್ನೆಲ್ಲ ಈಗ ಬರೆಯಲು ಕಾರಣ ಬೇರೊಂದು ಸೋಫಾ. ಒಂದು ಶನಿವಾರ ಮಳೆ ಬಂತೆಂದು ಆಕ್ಲೆಂಡಿನ ಹಳೆ ಪೀಠೋಪಕರಣಗಳ ಅಂಗಡಿಯೊಂದಕ್ಕೆ ನುಗ್ಗಿದ್ದೆವು. ಒಳಗೆ ಬಿಳಿ ಗೋಡೆಗೆ ಒರಗಿಸಿ ಒಂದೇ ಒಂದು ಸೋಫಾ ಇಟ್ಟಿದ್ದರು. ಜೇನಿನ ಬಣ್ಣದ ಮರ, ನೇರವಾದ ಬೆನ್ನು, ಎರಡು ಬದಿಗೂ ಮೆಲ್ಲಗೆ ಹೊರಳಿದ ಕೈಗಳು. ಚಿನ್ನದ ಗಿಲೀಟಿಲ್ಲ, ಸಿಂಹದ ಮುಖವಿಲ್ಲ, ಬಳ್ಳಿ ಹೂವಿನ ಕೆತ್ತನೆಯಿಲ್ಲ. ಅಲ್ಲಲ್ಲಿ ಕಪ್ಪು ಬಣ್ಣದ ಒಂದೆರಡು ಗೆರೆ ಮಾತ್ರ. ನಮಗೆ ಅದು ಈಚಿನ ಯಾವುದೋ ವಿನ್ಯಾಸಗಾರನ ಕೆಲಸ ಎನ್ನಿಸಿತು. ಚೀಟಿಯಲ್ಲಿ ‘ಬೀಡರ್‌ಮೈಯರ್, ಸುಮಾರು 1830’ ಎಂದಿತ್ತು. ಅಂಗಡಿಯವರ ಅಪ್ಪಣೆ ಪಡೆದು ಅಮ್ಮ ಕೂತರು. ಎರಡೂ ಪಾದ ನೆಲಕ್ಕೆ ತಾಗಿತು, ಬೆನ್ನು ನೆಟ್ಟಗಾಯಿತು. ‘ಇದು ನಮ್ಮ ಸಾಗರದ ಮನೆಯ ಬೆತ್ತದ ಸೋಫಾ ಥರಾನೇ ಇದೆಯಲ್ಲೋ’ ಎಂದರು. ಆಮೇಲೆ ಯಾರ ಸಹಾಯವೂ ಇಲ್ಲದೆ ಎದ್ದರು.

ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ, ಕೊಳ್ಳಲಿಲ್ಲ. ಆದರೆ ಆ ಮಾತು ತಲೆಯಲ್ಲಿ ಉಳಿಯಿತು. ಸುಮಾರು ಇನ್ನೂರು ವರ್ಷ ಹಳೆಯ ಯುರೋಪಿನ ಸೋಫಾಕ್ಕೂ ಮಲೆನಾಡಿನ ಹಜಾರದ ಸೋಫಾಕ್ಕೂ ಏನು ನಂಟು?

ಬೀಡರ್‌ಮೈಯರ್ ಎಂದು ಕರೆಯುವುದು 1815ರಿಂದ 1848ರ ನಡುವೆ ವಿಯೆನ್ನಾ, ಬರ್ಲಿನ್, ಮ್ಯೂನಿಕ್ ಕಡೆಯ ಮಧ್ಯಮ ವರ್ಗದ ಮನೆಗಳಲ್ಲಿ ಬಳಕೆಯಲ್ಲಿದ್ದ ಶೈಲಿಯನ್ನು. ನೆಪೋಲಿಯನ್ನನ ಯುದ್ಧಗಳು ಮುಗಿದಿದ್ದವು, ಕೈಯಲ್ಲಿ ಹಣ ಕಡಿಮೆ. ಮೇಲೆ ಮೆಟರ್ನಿಕ್‌ನ ಆಡಳಿತ, ಪತ್ರಿಕೆಗಳ ಮೇಲೆ ಕತ್ತರಿ, ಕಾಫಿ ಅಂಗಡಿಗಳಲ್ಲಿ ಗೂಢಚಾರರು. ಹೊರಗೆ ಬಾಯಿ ಬಿಡುವಂತಿಲ್ಲದ ಜನ ಮನೆಯೊಳಗೇ ಸೇರತೊಡಗಿದರು. ಸೋಫಾ, ಅದರ ಮುಂದೆ ಒಂದು ದುಂಡು ಮೇಜು, ಸುತ್ತ ನಾಲ್ಕು ಕುರ್ಚಿ. ಅಲ್ಲೇ ಹೊಲಿಗೆ, ಪತ್ರ ಓದುವುದು, ಸಂಗೀತ. ಶೂಬರ್ಟ್‌ನ ಎಷ್ಟೋ ಹಾಡುಗಳನ್ನು ಜನ ಮೊದಲು ಕೇಳಿದ್ದು ಇಂಥ ಹಾಲುಗಳಲ್ಲೇ. ಆ ಸೋಫಾ ಟಿ.ವಿ. ನೋಡಲು ಮಾಡಿದ್ದಲ್ಲ, ಎದುರು ಕೂತವರ ಮುಖ ನೋಡಲು ಮಾಡಿದ್ದು. ಬೆನ್ನು ನೇರವಾಗಿರುವುದು ಅದಕ್ಕೇ.

ಹೆಸರಿನ ಕಥೆ ಇನ್ನೂ ಸ್ವಾರಸ್ಯದ್ದು. ಆ ಕಾಲದವರು ಯಾರೂ ತಮ್ಮ ಸೋಫಾವನ್ನು ಹಾಗೆ ಕರೆಯುತ್ತಿರಲಿಲ್ಲ. 1850ರ ದಶಕದಲ್ಲಿ ಮ್ಯೂನಿಕ್‌ನ ಒಂದು ಹಾಸ್ಯಪತ್ರಿಕೆಯಲ್ಲಿ ಲುಡ್ವಿಗ್ ಐಖ್ರೋಟ್ ಮತ್ತು ಆಡಾಲ್ಫ್ ಕುಸ್‌ಮೌಲ್ ಎಂಬಿಬ್ಬರು ಗಾಟ್ಲೀಬ್ ಬೀಡರ್‌ಮೈಯರ್ ಎಂಬ ಕಾಲ್ಪನಿಕ ಮೇಷ್ಟರನ್ನು ಹುಟ್ಟಿಸಿ ಅವರ ಹೆಸರಲ್ಲಿ ಅಣಕು ಪದ್ಯ ಬರೆದರು. ಬೀಡರ್ ಎಂದರೆ ಸಾಧು, ಸರಳ; ಮೈಯರ್ ಎಂಬುದು ಅಲ್ಲಿ ಬೀದಿಗೊಬ್ಬರಿಗಿರುವ ಮನೆತನದ ಹೆಸರು. ನಮ್ಮಲ್ಲಾದರೆ ‘ಪಾಪದ ರಾಯರು’ ಎಂದಂತೆ. ತನ್ನ ಸಣ್ಣ ಮನೆ, ತನ್ನ ಸಣ್ಣ ತೋಟ, ಲೋಕದ ಗೊಡವೆ ಬೇಡ ಎನ್ನುವವನ ಗೇಲಿಗೆ ಹುಟ್ಟಿದ ಹೆಸರು ಮುಂದೆ ಆ ಪೀಠೋಪಕರಣಕ್ಕೆ ಅಂಟಿಕೊಂಡಿತು. ಗೇಲಿ ಮರೆತುಹೋಯಿತು, ಸೋಫಾ ಉಳಿಯಿತು.

ಉಳಿದದ್ದಕ್ಕೆ ಕಾರಣವಿದೆ. ಆಮದಿನ ಮಹಾಗನಿ ದುಬಾರಿ ಎಂದು ಅವರಲ್ಲಿ ಅನೇಕರು ತಮ್ಮೂರಿನ ಚೆರ್ರಿ, ವಾಲ್‌ನಟ್, ಬರ್ಚ್, ಆ್ಯಶ್ ಮರಗಳನ್ನೇ ಬಳಸಿದರು. ಮರದ ತೆಳು ಹಾಳೆಯನ್ನು ಸೀಳಿ, ತೆರೆದ ಪುಸ್ತಕದ ಎರಡು ಪುಟದಂತೆ ಎಡ–ಬಲಕ್ಕೆ ಜೋಡಿಸಿ ಅಂಟಿಸಿದರೆ ಮರದ ಎಳೆಯೇ ಚಿತ್ತಾರವಾಗುತ್ತಿತ್ತು. ಕೆತ್ತನೆಯ ಖರ್ಚು ಉಳಿಯಿತು. ವಿಯೆನ್ನಾದ ಯೋಸೆಫ್ ಡಾನ್‌ಹೌಸರ್ ಕಾರ್ಖಾನೆ ಹೀಗೆ ಬಗೆಬಗೆಯ ಸೋಫಾಗಳನ್ನು ಮಾಡಿತು; ಅದರ ನಕ್ಷೆಗಳು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇವೆ. ದಿಂಬಿನ ಒಳಗೆ ಕುದುರೆ ಕೂದಲು. ಸುರುಳಿ ಸ್ಪ್ರಿಂಗ್ ಬಳಕೆಗೆ ಬಂದದ್ದೂ ಆ ಕಾಲದಲ್ಲೇ, ಅದೇ ಊರಿನಲ್ಲೇ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅತಿ ಅಲಂಕಾರದಿಂದ ಬೇಸತ್ತ ವಿಯೆನ್ನಾದ ವಾಸ್ತುಶಿಲ್ಪಿಗಳು, ಅವರಲ್ಲಿ ಯೋಸೆಫ್ ಹಾಫ್‌ಮನ್ ಒಬ್ಬರು, ಮತ್ತೆ ಇದರ ಕಡೆಗೇ ತಿರುಗಿ ನೋಡಿದರು. 2006ರಲ್ಲಿ ಅಮೆರಿಕದ ಮಿಲ್ವಾಕಿಯ ಕಲಾ ಸಂಗ್ರಹಾಲಯ ಇದರ ಬಗ್ಗೆ ದೊಡ್ಡ ಪ್ರದರ್ಶನ ಏರ್ಪಡಿಸಿದಾಗ ಅದರ ಹೆಸರಿನಲ್ಲೇ ‘ಸರಳತೆಯ ಆವಿಷ್ಕಾರ’ ಎಂಬ ಮಾತಿತ್ತು. ಸರಳತೆ ಬಡತನದಿಂದಷ್ಟೇ ಬಂದದ್ದಲ್ಲ, ಬೇಕೆಂದೇ ಆರಿಸಿಕೊಂಡ ಅಭಿರುಚಿ ಎಂಬುದು ಅವರ ವಾದ. ಶ್ರೀಮಂತರ ಅರಮನೆಯ ಒಳಕೋಣೆಗಳಲ್ಲೂ ಇಂಥವೇ ಇದ್ದವು ಎಂಬುದನ್ನು ನೋಡಿದರೆ ಆ ವಾದ ಸರಿಯೆಂದೇ ತೋರುತ್ತದೆ. ಇವತ್ತಿನ ಫ್ಲಾಟಿನ ಬಿಳಿ ಗೋಡೆ, ದೊಡ್ಡ ಗಾಜಿನ ಕಿಟಕಿಗಳ ನಡುವೆ ಇಂಥದ್ದೊಂದು ಇದ್ದರೆ ಸಾಕು, ಕೋಣೆಗೆ ಬೇರೆ ಅಲಂಕಾರವೇ ಬೇಡ.

ಮಧ್ಯೆ ಒಂದು ಮಾತು. ಆ ಸೋಫಾಗಳ ಕನ್ನಡಿಯಂಥ ಹೊಳಪಿಗೆ ಬಳಸುತ್ತಿದ್ದುದು ಶೆಲ್ಯಾಕ್. ಶೆಲ್ಯಾಕ್ ಎಂದರೆ ನಮ್ಮ ಅರಗು! ಭಾರತದ ಕಾಡಿನ ಮರಗಳ ಮೇಲೆ ಕೀಟಗಳು ಕಟ್ಟುವ ಅದೇ ಅರಗು. ಅದನ್ನು ಮದ್ಯಸಾರದಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಪದರ ಪದರವಾಗಿ ಉಜ್ಜುತ್ತಿದ್ದರು. ಚನ್ನಪಟ್ಟಣದಲ್ಲಿ ಹಾಲೆ ಮರದ ಬೊಂಬೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರಲ್ಲ, ಅದರ ದೂರದ ನೆಂಟನೇ ವಿಯೆನ್ನಾದ ಹಾಲಿನಲ್ಲಿ ಹೊಳೆಯುತ್ತಿದ್ದದ್ದು.

ನ್ಯೂಜಿಲೆಂಡಿಗೂ ಈ ಮರಗೆಲಸಕ್ಕೂ ನಂಟಿದೆ. ಅದು ಒಬ್ಬ ವಲಸಿಗನ ಕಥೆ, ಹಾಗಾಗಿ ನಮಗೆ ಹತ್ತಿರದ್ದು. ಆಂಟನ್ ಸ್ಯೂಫರ್ಟ್ ಹುಟ್ಟಿದ್ದು ಬೊಹೀಮಿಯಾದಲ್ಲಿ, ಬೀಡರ್‌ಮೈಯರ್ ಕಾಲ ಶುರುವಾದ ಹೊತ್ತಿಗೆ. ಪಳಗಿದ್ದು ವಿಯೆನ್ನಾದ ಹೆಸರಾಂತ ಲೈಸ್ಟ್ಲರ್ ಸಂಸ್ಥೆಯಲ್ಲಿ. 1859ರ ಸುಮಾರಿಗೆ ಸಂಸಾರ ಸಮೇತ ಆಕ್ಲೆಂಡಿಗೆ ಬಂದರು. ಆಗ ಆಕ್ಲೆಂಡ್ ಎಂದರೆ ಕೆಸರು ರಸ್ತೆಯ, ಮರದ ಮನೆಗಳ ಹೊಸ ಊರು. ಕೈಯಲ್ಲಿದ್ದದ್ದು ಕಸುಬು. ಚೆರ್ರಿ, ವಾಲ್‌ನಟ್ ಇಲ್ಲಿ ಎಲ್ಲಿಂದ ತರುವುದು? ಇಲ್ಲಿನ ಕೌರಿ, ಟೋಟರಾ, ರೇವರೇವ, ಪುರಿರಿ ಮರಗಳನ್ನು ಕಲಿತರು. ಒಂದೊಂದರ ಬಣ್ಣ, ಎಳೆ, ಚುಕ್ಕೆ ನೋಡಿಕೊಂಡು ಸಣ್ಣ ಸಣ್ಣ ಚೂರು ಕತ್ತರಿಸಿ ಜರೀಗಿಡದ ಎಲೆಗಳನ್ನೂ ಇಲ್ಲಿನ ಹಕ್ಕಿಗಳನ್ನೂ ಮರದಲ್ಲೇ ಬಿಡಿಸಿದರು. ಅವರು ಮಾಡಿದ ಬರವಣಿಗೆಯ ಕಪಾಟೊಂದು 1862ರ ಲಂಡನ್ ಪ್ರದರ್ಶನಕ್ಕೆ ಹೋಗಿ, ಆಕ್ಲೆಂಡ್ ನಾಗರಿಕರ ಕಾಣಿಕೆಯಾಗಿ ವಿಕ್ಟೋರಿಯಾ ರಾಣಿಗೆ ಸಂದಿತು. ಇವತ್ತಿಗೂ ಅದು ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿದೆ. ಇಲ್ಲಿಗೆ ಬಂದ ಅಪ್ಪ–ಅಮ್ಮಂದಿರನ್ನು ಆಕ್ಲೆಂಡ್ ಯುದ್ಧ ಸ್ಮಾರಕ ವಸ್ತುಸಂಗ್ರಹಾಲಯಕ್ಕೋ ವೆಲ್ಲಿಂಗ್ಟನ್ನಿನ ಟೆ ಪಾಪಾಗೋ ಕರೆದುಕೊಂಡು ಹೋಗುವವರು ಸ್ಯೂಫರ್ಟ್ ಕೆಲಸ ಎಲ್ಲಿದೆ ಎಂದು ಕೇಳಿ ನೋಡಿ. ಮೈಸೂರಿನ ಬೀಟೆ ಮರದ ಒಳಸೇರಿಕೆ ಕೆಲಸ ಕಂಡವರಿಗೆ ಅದರ ಮುಂದೆ ನಿಂತಾಗ ಅಪರಿಚಿತವೆನಿಸುವುದಿಲ್ಲ. ಅದೇ ತಾಳ್ಮೆ, ಅದೇ ಕಣ್ಣು, ಮರ ಮಾತ್ರ ಬೇರೆ.

ಸ್ಯೂಫರ್ಟ್ ಇಲ್ಲಿನ ಮರದ ಮೇಲೆ ತಮ್ಮ ಕಸುಬು ಹಾಕಿದರು. ನಾವು? ಚಿಪ್‌ಬೋರ್ಡಿನ ಚೌಕಟ್ಟಿಗೆ ಪಿನ್ನು ಹೊಡೆದ ಸೋಫಾವನ್ನು ಸಾಲದ ಮೇಲೆ ತರುತ್ತೇವೆ. ಬಾಡಿಗೆ ಮನೆ ಎರಡು ಸಲ ಬದಲಾಯಿಸುವಷ್ಟರಲ್ಲಿ ಅದರ ಕಾಲು ಅಲ್ಲಾಡುತ್ತದೆ. ಮೂರನೇ ಮನೆಗೆ ಅದು ಬರುವುದೇ ಇಲ್ಲ. ಆಕ್ಲೆಂಡಿನಲ್ಲಿ ನಗರಸಭೆಯ ದೊಡ್ಡ ಕಸದ ಗಾಡಿಗೆ ಹೆಸರು ಬರೆಸಿ, ಮನೆ ಮುಂದೆ ಇಟ್ಟು, ಮತ್ತೆ ಅಂಗಡಿಗೆ ಹೋಗುತ್ತೇವೆ. ನಮ್ಮ ಮನೆಯ ಬೂದು ಸೋಫಾದ ಕಂತು ಮುಗಿಯುವ ಮೊದಲೇ ಅದರ ನಡು ಕುಸಿದಿತ್ತು. ಇದು ಹಣದ ಪ್ರಶ್ನೆ ಮಾತ್ರ ಅಲ್ಲ. ‘ಸೆಕೆಂಡ್ ಹ್ಯಾಂಡ್’ ಎಂದರೆ ನಮಗೆ ನಾಚಿಕೆ. ಕಾರು ಹಳೆಯದಾದರೆ ಪರವಾಗಿಲ್ಲ, ಇಲ್ಲಿ ಎಲ್ಲರದೂ ಜಪಾನಿನಿಂದ ಬಂದ ಹಳೆ ಕಾರೇ. ಸೋಫಾ ಮಾತ್ರ ಹೊಸದಾಗಬೇಕು. ಯಾರೋ ಕೂತದ್ದು, ಯಾರೋ ಮಲಗಿದ್ದು, ಅತ್ತೆ ಏನಂದಾರು, ವಿಡಿಯೊದಲ್ಲಿ ನೋಡಿದ ಚಿಕ್ಕಮ್ಮ ಏನಂದಾರು? ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಈ ಮಾತು ತೆಗೆದಾಗ ಒಬ್ಬರು ‘ಅಷ್ಟು ದೂರ ಬಂದದ್ದು ಬೇರೆಯವರ ಹಳೆ ಸೋಫಾದ ಮೇಲೆ ಕೂರೋಕಾ?’ ಎಂದು ಕೇಳಿಯೇ ಬಿಟ್ಟರು. ಅವರ ಮಾತಿನಲ್ಲಿ ಸತ್ಯವಿಲ್ಲ ಎನ್ನಲಾರೆವು. ಬಡತನ ಕಂಡು ಬಂದವರಿಗೆ ಹೊಸದು ಎಂಬುದೇ ಒಂದು ಗೆಲುವು. ಆದರೆ ಆ ಗೆಲುವಿನ ಮೇಲೆ ಹೆತ್ತವರು ಕೂರಲಾಗದಿದ್ದರೆ ಹೇಗೆ?

ಈ ಮಾತಿಗೆ ಈಗ ತೂಕ ಹೆಚ್ಚಿದೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಇಲ್ಲಿನ ಸರ್ಕಾರ ಪೇರೆಂಟ್ ಬೂಸ್ಟ್ ವೀಸಾ ಶುರು ಮಾಡಿದೆ. ಷರತ್ತುಗಳಿವೆ, ಆರೋಗ್ಯ ವಿಮೆ ಕಡ್ಡಾಯ. ಆದರೆ ಒಮ್ಮೆ ಸಿಕ್ಕರೆ ಐದು ವರ್ಷದವರೆಗೆ ಹೆತ್ತವರು ಬಂದು ಇರಬಹುದು. ಬಂದು ಹೋಗುವ ಅತಿಥಿಗೆ ಮೂಲೆಯ ಕುರ್ಚಿ ನಡೆದೀತು. ವರ್ಷಗಟ್ಟಲೆ ಇರುವವರಿಗೆ ಈ ಮನೆಯಲ್ಲಿ ತಮ್ಮದೆನ್ನುವ ಜಾಗ ಬೇಕು.

ಹಾಗಾದರೆ ಊರಿನ ಸೋಫಾವನ್ನೇ ತರಿಸಿಕೊಂಡರಾಯಿತಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ನಮಗೂ ಅನ್ನಿಸಿತ್ತು. ಆದರೆ ಅದು ಅಷ್ಟು ಸಲೀಸಲ್ಲ, ಓದುವ ಮನೆಯವರಿಗೆ ಗೊತ್ತಿರಲಿ. ಭಾರತದ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲೆ, ಕರಕುಶಲದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಮುತ್ತಜ್ಜನ ಕಾಲದ್ದು ಎಂದು ನಾವು ಹೆಮ್ಮೆಯಿಂದ ಹೇಳುವ ಮಾತೇ ಕಸ್ಟಮ್ಸ್‌ನಲ್ಲಿ ತೊಡಕಾದೀತು. ಅಷ್ಟು ಹಳೆಯದಲ್ಲ ಎಂದಾದರೆ ಭಾರತೀಯ ಪುರಾತತ್ವ ಇಲಾಖೆಯಿಂದ ಪ್ರಮಾಣಪತ್ರ ಪಡೆಯುವ ದಾರಿ ಇದೆ. ಇನ್ನು ಬೀಟೆ ಮರದ್ದಾದರೆ ಮತ್ತೊಂದು ತೊಡಕು. 2017ರ ಜನವರಿಯಿಂದ ಆ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಸಿದ್ಧ ವಸ್ತುಗಳಲ್ಲಿ 10 ಕೆ.ಜಿ. ಮರದವರೆಗೆ ವಿನಾಯಿತಿ ಇದೆ, ಆದರೆ ಯಾವ ಬೀಟೆ ಸೋಫಾ ಅಷ್ಟು ಹಗುರ? ಇದನ್ನೆಲ್ಲ ದಾಟಿ ಬಂದರೂ ನ್ಯೂಜಿಲೆಂಡಿನ ಜೈವಿಕ ಸುರಕ್ಷತೆಯವರು ಮರದಲ್ಲಿ ಹುಳುವಿನ ತೂತು, ತೊಗಟೆ, ಮಣ್ಣು ಇದೆಯೇ ಎಂದು ನೋಡುತ್ತಾರೆ. ಅನುಮಾನ ಬಂದರೆ ಹೊಗೆ ಹಾಕಿಸಬೇಕು ಅಥವಾ ವಾಪಸ್ ಕಳಿಸಬೇಕು, ಖರ್ಚು ನಮ್ಮದೇ. ಉಪ್ಪಿನಕಾಯಿ ತರುವುದಕ್ಕೇ ಫಾರಂ ಬರೆಯುವ ದೇಶ ಇದು.

ಸುಲಭದ ದಾರಿ ಇಲ್ಲೇ ಇದೆ. ಈ ದೇಶದ ಸರ್ಕಾರಿ ಕಾಡಿನಲ್ಲಿ ದೇಶೀ ಮರ ಕಡಿಯುವುದು 2002ಕ್ಕೆ ನಿಂತಿತು. ಈಗ ಅಂಗಡಿಯಲ್ಲಿ ಸಿಗುವ ಮರ ಹೆಚ್ಚಾಗಿ ನೆಟ್ಟು ಬೆಳೆಸಿದ ಪೈನ್. ಆದರೆ ಅದಕ್ಕೆ ಮೊದಲು ರಿಮು, ಕೌರಿ ಮರಗಳಲ್ಲಿ ಮಾಡಿದ ಗಟ್ಟಿ ಸೋಫಾ, ಕುರ್ಚಿ, ಮೇಜುಗಳು ಸಾವಿರಾರು ಮನೆಗಳಲ್ಲಿದ್ದವು. ಹಿರಿಯರು ತೀರಿಕೊಂಡು ಮನೆ ಖಾಲಿ ಮಾಡುವಾಗ ಅವು ಹಾಸ್ಪಿಸ್ ಅಂಗಡಿಗಳಿಗೆ, ಸಾಲ್ವೇಶನ್ ಆರ್ಮಿ ಅಂಗಡಿಗಳಿಗೆ, ಟ್ರೇಡ್ ಮಿಗೆ ಬರುತ್ತವೆ. ಅಸಲು ಬೀಡರ್‌ಮೈಯರ್ ಬೇಕೆನ್ನುವ ಅನುಕೂಲಸ್ಥರು ಹರಾಜು ಮನೆಗಳ ಮೇಲೆ ಕಣ್ಣಿಟ್ಟಿರಲಿ. ನಮ್ಮಂಥವರಿಗೆ ಅದರ ಗುಣ ಸಾಕು, ವಂಶಾವಳಿ ಬೇಡ. ಕೂರುವ ಎತ್ತರ 45 ಸೆಂಟಿಮೀಟರ್ ಸುಮಾರು ಇರಬೇಕು, ಕೈ ಊರಲು ಗಟ್ಟಿ ಮರವಿರಬೇಕು, ಬೆನ್ನು ನೇರವಿರಬೇಕು. ಬೋರಲು ಹಾಕಿ ಅಡಿಭಾಗ ನೋಡಿ: ಸಣ್ಣ ಸಣ್ಣ ದುಂಡು ತೂತು, ಪಕ್ಕದಲ್ಲಿ ಹೊಸ ಹೊಟ್ಟು ಕಂಡರೆ ಮರಕೊರಕ ಹುಳು ಇನ್ನೂ ಒಳಗಿದೆ ಎಂದರ್ಥ, ಬಿಟ್ಟುಬಿಡಿ. ಬಟ್ಟೆಯ ಹೊಲಿಗೆಗಳ ಸಂದಿಯಲ್ಲಿ ತಿಗಣೆ ಗುರುತಿದೆಯೇ ನೋಡಿ. ಬಟ್ಟೆ ಹಳೆಯದಾದರೆ ಹೆದರಬೇಡಿ, ಬಟ್ಟೆ ಬದಲಾಗುತ್ತದೆ, ಚೌಕಟ್ಟು ಬದಲಾಗುವುದಿಲ್ಲ. ಮನೆಗೆ ತಂದ ಮೇಲೆ ಹೀಟ್ ಪಂಪಿನ ಬಿಸಿಗಾಳಿ ನೇರ ಬಡಿಯುವ ಕಡೆ ಮಾತ್ರ ಇಡಬಾರದು. ಮರ ಒಣಗಿ ಸಂದು ಬಿಡುತ್ತದೆ.

ನಾವು ಒಂದು ಹಾಸ್ಪಿಸ್ ಅಂಗಡಿಯಿಂದ ಇಬ್ಬರು ಕೂರುವ ರಿಮು ಸೋಫಾ ತಂದೆವು. ಬೂದು ಸೋಫಾದ ಒಂದು ಕಂತಿನ ಹಣಕ್ಕಿಂತ ಕಡಿಮೆಗೆ ಸಿಕ್ಕಿತು. ದಿಂಬಿಗೆ ಅಮ್ಮ ಸೂಟ್‌ಕೇಸಿನಲ್ಲಿ ತಂದಿದ್ದ ಇಳಕಲ್ ಸೀರೆಯ ಹಳೆಯದೊಂದನ್ನು ಹೊಲಿಸಿದೆವು. ಅಮ್ಮ ಈಗ ಅಲ್ಲೇ ಕೂತು ಹುರುಳಿಕಾಯಿ ಬಿಡಿಸುತ್ತಾರೆ, ಎದುರಿನ ಕುರ್ಚಿಯಲ್ಲಿ ಮೊಮ್ಮಗಳು ಹೋಮ್‌ವರ್ಕ್ ಮಾಡುತ್ತಾಳೆ.

ಇನ್ನು ಊರಿನಲ್ಲಿರುವವರಿಗೆ ಒಂದು ಮಾತು, ಅಥವಾ ಕೋರಿಕೆ. ಮನೆ ರಿಪೇರಿ ಎಂದಾಗ, ಟೈಲ್ಸ್ ಹಾಕಿಸುವಾಗ ಬೆತ್ತ ಹರಿದ ಸೋಫಾ, ಕಾಲು ಮುರಿದ ಆರಾಮ ಕುರ್ಚಿ, ದಿವಾನ ಎಲ್ಲ ಹಿತ್ತಿಲಿಗೆ ಬೀಳುತ್ತವೆ. ವಾರದೊಳಗೆ ಟೆಂಪೊ ತಂದ ವ್ಯಾಪಾರಿ ಸೌದೆಯ ಬೆಲೆಗೆ ಒಯ್ಯುತ್ತಾನೆ. ಅವೇ ಉಜ್ಜಿಸಿಕೊಂಡು, ಅರಗಿನ ಹೊಳಪು ಹಾಕಿಸಿಕೊಂಡು ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಕೂತಿರುತ್ತವೆ. ರಜೆಗೆ ಬಂದ ನಾವೇ ಅಲ್ಲಿ ಹೋಗಿ ‘ಎಷ್ಟು ಚೆನ್ನಾಗಿದೆ’ ಎಂದು ಫೋಟೊ ತೆಗೆದುಕೊಳ್ಳುತ್ತೇವೆ. ಆ ಜಾಗಕ್ಕೆ ನಾವು ಕಳಿಸಿದ ಹಣದಲ್ಲಿ ಬರುವುದು ಮತ್ತದೇ ಬೂದು ಸೋಫಾ. ದಯವಿಟ್ಟು ನಮ್ಮ ಹಣದಲ್ಲಿ ಅದನ್ನು ತರಬೇಡಿ. ಆ ಹಣ ಬೆತ್ತ ಹೆಣೆಸುವುದಕ್ಕೆ ಹೋಗಲಿ. ಮಾರಲೇಬೇಕೆಂದರೆ ಟೆಂಪೊ ಬರುವ ಮೊದಲು ನಮಗೊಂದು ಫೋಟೊ ಕಳಿಸಿ.

ಸಾಗರದ ಮನೆಯ ಸೋಫಾವನ್ನು ಚಿಕ್ಕಪ್ಪ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದ್ದರಂತೆ. ಅಮ್ಮ ಇಲ್ಲಿಂದಲೇ ಫೋನು ಮಾಡಿ ಇಳಿಸಿಸಿದ್ದಾರೆ. ಒಂದು ಕಾಲಿಗೆ ಗೆದ್ದಲು ಹಿಡಿದಿದೆ, ಉಳಿದದ್ದು ಗಟ್ಟಿಯಿದೆ ಎಂದು ಚಿಕ್ಕಪ್ಪನ ವರದಿ. ಬೆತ್ತ ಹೆಣೆಯುವವರೊಬ್ಬರು ಶಿವಮೊಗ್ಗದಿಂದ ಮುಂದಿನ ವಾರ ಬರುತ್ತಾರಂತೆ.